ಬಿಫೋರ್ ಟ್ರಿಗರ್‌ನಿಂದ ಬೇರೊಂದು ಫಂಕ್ಷನ್‌ಗೆ ಇಡೀ ಸಾಲನ್ನು ಕಳುಹಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಆರ್ಡರ್‌ಗಳ ಟೇಬಲ್ ಒಂದಿದೆ. ಅದಕ್ಕೆ ಹೊಸ ಸಾಲು ಸೇರುವ ಮುನ್ನ ಹಾಗೂ ಇರುವ ಸಾಲು ಬದಲಾಗುವ ಮುನ್ನ ಓಡುವಂತೆ ಒಂದು ಬಿಫೋರ್ ಟ್ರಿಗರ್ (ಡೇಟಾಬೇಸ್ ತಾನಾಗಿಯೇ ಓಡಿಸುವ ಫಂಕ್ಷನ್) ಇಟ್ಟಿದ್ದೇನೆ. ರಿಯಾಯಿತಿಯ ಮಿತಿ, ಗ್ರಾಹಕರ ಬಾಕಿ ಮುಂತಾದ ತಪಾಸಣೆಗಳು ಬೇರೆ ಕಡೆಯೂ ಬೇಕಾಗುವುದರಿಂದ ಅವುಗಳನ್ನು ಪ್ರತ್ಯೇಕ ಸ್ಟೋರ್ಡ್ ಫಂಕ್ಷನ್‌ಗಳಾಗಿ ಬರೆದಿದ್ದೇನೆ. ಟ್ರಿಗರ್ ಆರ್ಡರ್ ಸಂಖ್ಯೆಯನ್ನಷ್ಟೇ ಕೊಡುತ್ತದೆ. ಆ ಫಂಕ್ಷನ್‌ಗಳು ಸಂಖ್ಯೆಯನ್ನು ಹಿಡಿದು ಟೇಬಲ್‌ನಿಂದ ಸಾಲನ್ನು ಓದಿಕೊಳ್ಳುತ್ತವೆ. ಆದರೆ ಸಾಲನ್ನು ತಿದ್ದುವಾಗ ತಪಾಸಣೆ ಹಳೆಯ ಮೊತ್ತದ ಮೇಲೆಯೇ ನಡೆಯುತ್ತಿದೆ, ಹೊಸ ಸಾಲು ಸೇರಿಸುವಾಗ ಎಂಥ ತಪ್ಪು ಮೊತ್ತವಿದ್ದರೂ ಯಾವ ದೋಷವನ್ನೂ ತೋರಿಸದೆ ಒಪ್ಪಿಕೊಳ್ಳುತ್ತಿದೆ. ಟೇಬಲ್‌ನಲ್ಲಿ ಸುಮಾರು 30 ಕಾಲಮ್‌ಗಳಿರುವುದರಿಂದ ಒಂದೊಂದನ್ನೂ ಪ್ಯಾರಾಮೀಟರ್ ಆಗಿ ಕೊಡುವುದು ಕಷ್ಟ. ಇಡೀ ಸಾಲನ್ನೇ ಕಳುಹಿಸಲು, ಮತ್ತು ಕರೆಯಲ್ಪಟ್ಟ ಫಂಕ್ಷನ್ ಅದರಲ್ಲಿ ಒಂದು ಕಾಲಮ್ ತುಂಬಿ ಹಿಂದಿರುಗಿಸಲು ಸಾಧ್ಯವೇ?

ಉತ್ತರ 1

ಸಾಧ್ಯ. ಅದಕ್ಕೂ ಮೊದಲು ಈಗಿನ ವಿಧಾನ ಏಕೆ ಕೆಲಸ ಮಾಡುತ್ತಿಲ್ಲ ಎಂಬುದನ್ನು ನೋಡೋಣ. ಬಿಫೋರ್ ಟ್ರಿಗರ್ ಓಡುವ ಹೊತ್ತಿಗೆ ಹೊಸ ಸಾಲು ಇನ್ನೂ ಟೇಬಲ್‌ಗೆ ಸೇರಿರುವುದಿಲ್ಲ. ಅದು ಇರುವುದು ಟ್ರಿಗರ್‌ನ ‘ನ್ಯೂ’ ಎಂಬ ವೇರಿಯಬಲ್‌ನಲ್ಲಿ ಮಾತ್ರ. ಆದ್ದರಿಂದ ಸಂಖ್ಯೆಯನ್ನು ಹಿಡಿದು ಟೇಬಲ್‌ನಲ್ಲಿ ಹುಡುಕುವ ಫಂಕ್ಷನ್‌ಗೆ ತಿದ್ದುವಾಗ ಹಳೆಯ ಸಾಲು ಸಿಗುತ್ತದೆ, ಸೇರಿಸುವಾಗ ಏನೂ ಸಿಗುವುದಿಲ್ಲ. ಏನೂ ಸಿಗದಿದ್ದಾಗ ನಿಮ್ಮ ವೇರಿಯಬಲ್‌ಗಳೆಲ್ಲ ನಲ್ (ಮೌಲ್ಯವಿಲ್ಲದ ಸ್ಥಿತಿ) ಆಗುತ್ತವೆ. ನಲ್ ಜೊತೆಗಿನ ಹೋಲಿಕೆಯ ಫಲವೂ ನಲ್ಲೇ ಆಗಿರುವುದರಿಂದ, ‘ಮೊತ್ತ ಮಿತಿಗಿಂತ ಹೆಚ್ಚಿದ್ದರೆ ದೋಷ ಎಬ್ಬಿಸು’ ಎಂಬ ಇಫ್ ಅದನ್ನು ಸುಳ್ಳೆಂದೇ ಪರಿಗಣಿಸಿ ಮುಂದೆ ಹೋಗುತ್ತದೆ. ಅದು ಸದ್ದಿಲ್ಲದೆ ಒಪ್ಪಿಕೊಳ್ಳುತ್ತಿರುವುದಕ್ಕೆ ಇದೇ ಕಾರಣ.

ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿಯೊಂದು ಟೇಬಲ್ ಸೃಷ್ಟಿಯಾದಾಗಲೂ ಅದೇ ಹೆಸರಿನ ಕಾಂಪೊಸಿಟ್ ಟೈಪ್ (ಇಡೀ ಸಾಲನ್ನು ಒಂದೇ ಮೌಲ್ಯವಾಗಿ ಹಿಡಿಯುವ ಟೈಪ್) ಒಂದು ತಾನಾಗಿಯೇ ಹುಟ್ಟುತ್ತದೆ. ತಪಾಸಣೆಯ ಫಂಕ್ಷನ್‌ನ ಪ್ಯಾರಾಮೀಟರ್‌ಗೆ ಟೈಪ್ ಆಗಿ ಟೇಬಲ್‌ನ ಹೆಸರನ್ನೇ ಬರೆದು, ಟ್ರಿಗರ್‌ನಲ್ಲಿ ‘ನ್ಯೂ’ ಅನ್ನು ನೇರವಾಗಿ ಅದಕ್ಕೆ ಕೊಟ್ಟರೆ ಸಾಕು. ಒಳಗೆ ಹೋಗುವುದು ಸಾಲಿನ ಪ್ರತಿಯೇ ಹೊರತು ಮೂಲವಲ್ಲ. ಹೀಗಾಗಿ ಕರೆಯಲ್ಪಟ್ಟ ಫಂಕ್ಷನ್ ಅಲ್ಲಿ ಏನನ್ನೇ ಬದಲಾಯಿಸಿದರೂ ಟ್ರಿಗರ್‌ನಲ್ಲಿರುವ ಸಾಲು ಬದಲಾಗುವುದಿಲ್ಲ. ಕಾಲಮ್ ತುಂಬಿಸಿಕೊಳ್ಳಬೇಕಾದರೆ ಫಂಕ್ಷನ್ ಅದೇ ಟೈಪ್‌ನ ಸಾಲನ್ನು ಹಿಂದಿರುಗಿಸಬೇಕು ಮತ್ತು ಟ್ರಿಗರ್ ಆ ಫಲಿತಾಂಶವನ್ನು ಮತ್ತೆ ‘ನ್ಯೂ’ಗೆ ಅಸೈನ್ ಮಾಡಿಕೊಳ್ಳಬೇಕು. ನಿಮ್ಮ ಟೇಬಲ್‌ನಲ್ಲಿ ಜನರೇಟೆಡ್ ಸ್ಟೋರ್ಡ್ ಕಾಲಮ್ (ಬೇರೆ ಕಾಲಮ್‌ಗಳಿಂದ ಡೇಟಾಬೇಸ್ ತಾನೇ ಲೆಕ್ಕಹಾಕಿ ಇಡುವ ಕಾಲಮ್) ಇದ್ದರೆ ಒಂದು ಎಚ್ಚರಿಕೆ: ಅದರ ಮೌಲ್ಯ ಲೆಕ್ಕವಾಗುವುದು ಬಿಫೋರ್ ಟ್ರಿಗರ್‌ಗಳು ಮುಗಿದ ಮೇಲೆ, ಆದ್ದರಿಂದ ತಪಾಸಣೆ ಅದನ್ನು ನೆಚ್ಚಿಕೊಳ್ಳಬಾರದು.

ಹೀಗೆಂದು ಎಲ್ಲ ಫಂಕ್ಷನ್‌ಗಳಿಗೂ ಇಡೀ ಸಾಲನ್ನು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಮೊತ್ತ ಮತ್ತು ಗ್ರಾಹಕರ ವರ್ಗ ಎಂಬ ಎರಡೇ ಮೌಲ್ಯಗಳಿಂದ ಮಿತಿಯನ್ನು ಲೆಕ್ಕಹಾಕುವ ಫಂಕ್ಷನ್‌ಗೆ ಆ ಎರಡನ್ನೇ ಕೊಟ್ಟರೆ ಅದನ್ನು ಪರೀಕ್ಷಿಸುವುದೂ ಬೇರೆ ಟೇಬಲ್‌ಗೆ ಬಳಸುವುದೂ ಸುಲಭ. ಟೇಬಲ್‌ನ ಟೈಪ್ ಪ್ಯಾರಾಮೀಟರ್‌ನಲ್ಲಿ ಬಂದೊಡನೆ ಫಂಕ್ಷನ್ ಆ ಟೇಬಲ್‌ಗೆ ಕಟ್ಟುಬೀಳುತ್ತದೆ. ಮುಂದೆ ಟೇಬಲ್ ಅನ್ನು ಡ್ರಾಪ್ ಮಾಡಹೊರಟರೆ, ಕ್ಯಾಸ್ಕೇಡ್ (ಅವಲಂಬಿಸಿದವುಗಳನ್ನೂ ಅಳಿಸು) ಎಂದು ಸೇರಿಸದ ಹೊರತು, ಫಂಕ್ಷನ್ ಅದನ್ನು ಅವಲಂಬಿಸಿದೆ ಎಂದು ಡೇಟಾಬೇಸ್ ತಡೆಯುತ್ತದೆ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಪ್ರಶ್ನೆಯಲ್ಲಿ ‘ಬೇರೆ ಕಡೆಯೂ ಬೇಕಾಗುತ್ತದೆ’ ಎಂದಿರುವುದನ್ನು ಗಮನಿಸಬೇಕು. ಟ್ರಿಗರ್‌ನ ಹೊರಗೆ ಸಾಲು ಈಗಾಗಲೇ ಟೇಬಲ್‌ನಲ್ಲಿರುತ್ತದೆ. ಅದನ್ನು ಓದಿ ಕೈಯಲ್ಲಿಟ್ಟುಕೊಂಡು ಮೂರು ಫಂಕ್ಷನ್‌ಗಳನ್ನು ದಾಟಿಸುವಷ್ಟರಲ್ಲಿ ಬೇರೊಂದು ಟ್ರಾನ್ಸಾಕ್ಷನ್ ಅದನ್ನು ಬದಲಾಯಿಸಿರಬಹುದು, ಮತ್ತು ನಿಮ್ಮ ಪ್ರತಿಗೆ ಅದರ ಸುಳಿವೂ ಇರುವುದಿಲ್ಲ. ಅಂಥಲ್ಲಿ ಸಂಖ್ಯೆಯನ್ನು ಕೊಟ್ಟು, ಫಂಕ್ಷನ್ ಒಳಗೆ ‘ಫಾರ್ ಅಪ್‌ಡೇಟ್’ ಲಾಕ್ (ಬೇರೆಯವರು ಸಾಲನ್ನು ಬದಲಾಯಿಸದಂತೆ ತಡೆಯುವ ಬೀಗ) ಹಾಕಿಕೊಂಡೇ ಸಾಲನ್ನು ಓದುವುದು ಸರಿಯಾದ ಕ್ರಮ.

ಒಂದಕ್ಕಿಂತ ಹೆಚ್ಚು ಸಾಲುಗಳಿದ್ದರೆ ಅದೇ ಕಾಂಪೊಸಿಟ್ ಟೈಪ್‌ನ ಅರೇ (ಪಟ್ಟಿ) ಕಳುಹಿಸಬಹುದು: ಅರೇ ಅಗ್ರಿಗೇಟ್‌ನಿಂದ ಸಾಲುಗಳನ್ನು ಒಟ್ಟುಗೂಡಿಸಿ, ಆ ಕಡೆ ಅನ್‌ನೆಸ್ಟ್‌ನಿಂದ ಬಿಡಿಸಿಕೊಳ್ಳುವುದು. 2017ರಲ್ಲಿ ಬಂದ 10ನೇ ಆವೃತ್ತಿಯಿಂದ ಬದಲಾವಣೆಯಾದ ಮೇಲೆ ಓಡುವ ಆಫ್ಟರ್ ಟ್ರಿಗರ್‌ಗಳಲ್ಲಿ ಟ್ರಾನ್ಸಿಷನ್ ಟೇಬಲ್‌ಗಳು (ಬದಲಾದ ಸಾಲುಗಳೆಲ್ಲ ಒಟ್ಟಿಗೆ ಸಿಗುವ ತಾತ್ಕಾಲಿಕ ಟೇಬಲ್‌ಗಳು) ಸಿಗುತ್ತವೆ ನಿಜ, ಆದರೆ ಅವು ಕಾಣಿಸುವುದು ಟ್ರಿಗರ್ ಫಂಕ್ಷನ್‌ಗೆ ಮಾತ್ರ, ಅದು ಕರೆಯುವ ಫಂಕ್ಷನ್‌ಗಳಿಗಲ್ಲ. ಅಲ್ಲಿಗೂ ಅರೇ ದಾರಿಯೇ ಬೇಕಾಗುತ್ತದೆ. ಒರಾಕಲ್ ಡೇಟಾಬೇಸ್‌ನಲ್ಲಿ ಕೆಲಸ ಮಾಡಿದವರಿಗೆ ‘ನ್ಯೂ’ ಅನ್ನು ಹೀಗೆ ಇಡಿಯಾಗಿ ಕೊಡಬಹುದೆಂಬುದೇ ಹೊಸ ವಿಷಯವಾಗಬಹುದು, ಏಕೆಂದರೆ ಅಲ್ಲಿ ಒಂದೊಂದು ಕಾಲಮ್ ಅನ್ನೂ ರೆಕಾರ್ಡ್ ವೇರಿಯಬಲ್‌ಗೆ ನಕಲಿಸಿಕೊಂಡ ಮೇಲೆಯೇ ಕಳುಹಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಸಾಲನ್ನು ಕಳುಹಿಸುವುದು ಸರಿಯಾಗಿದೆ, ತಪಾಸಣೆ ಈಗ ಹೊಸ ಮೊತ್ತವನ್ನೇ ನೋಡುತ್ತಿದೆ. ಆದರೆ ಹಿಂದಿರುಗಿದ ಸಾಲನ್ನು ‘ಸೆಲೆಕ್ಟ್ ಇಂಟೂ’ ಮೂಲಕ ಟೇಬಲ್‌ನ ಟೈಪ್‌ನ ಒಂದು ವೇರಿಯಬಲ್‌ಗೆ ತುಂಬಲು ಹೋದರೆ ಇಂಟಿಜರ್‌ಗೆ ಹೊಂದದ ಮೌಲ್ಯ ಎಂಬ ದೋಷ ಬರುತ್ತಿದೆ; ಸಂದೇಶದಲ್ಲಿ ಇಡೀ ಸಾಲೇ ಆವರಣ ಚಿಹ್ನೆಗಳೊಳಗೆ ಪಠ್ಯವಾಗಿ ಕಾಣುತ್ತಿದೆ. ಜೊತೆಗೆ, ಗ್ರಾಹಕರ ಸಾಲನ್ನು ಹುಡುಕಿಕೊಡುವ ಇನ್ನೊಂದು ಫಂಕ್ಷನ್ ಇದೆ. ಅದು ಸಾಲನ್ನು ಕೊಟ್ಟರೂ ‘ಈಸ್ ನಾಟ್ ನಲ್’ ಪರೀಕ್ಷೆ ಕೆಲವೊಮ್ಮೆ ಸುಳ್ಳೆನ್ನುತ್ತದೆ.

ಉತ್ತರ 1 ಬರೆದವರು

‘ಸೆಲೆಕ್ಟ್ ಇಂಟೂ’ ಫಲಿತಾಂಶದ ಕಾಲಮ್‌ಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ವೇರಿಯಬಲ್‌ನ ಕಾಲಮ್‌ಗಳಿಗೆ ತುಂಬುತ್ತದೆ. ನೀವು ಸೆಲೆಕ್ಟ್ ಪಟ್ಟಿಯಲ್ಲಿ ಫಂಕ್ಷನ್ ಕರೆದಿರುವುದರಿಂದ ಫಲಿತಾಂಶದಲ್ಲಿರುವುದು ಒಂದೇ ಕಾಲಮ್, ಅದರೊಳಗೆ ಇಡೀ ಸಾಲು. ಅದನ್ನು ಆ ವೇರಿಯಬಲ್‌ನ ಮೊದಲ ಕಾಲಮ್ ಆದ ಆರ್ಡರ್ ಸಂಖ್ಯೆಗೆ ತುಂಬಲು ಹೋಗಿ ಸೋಲುತ್ತಿದೆ. ಸೆಲೆಕ್ಟ್ ಬಿಟ್ಟು ನೇರ ಅಸೈನ್‌ಮೆಂಟ್ ಬಳಸಿ, ಇಲ್ಲವೇ ಫಂಕ್ಷನ್ ಅನ್ನು ಫ್ರಮ್ ಭಾಗಕ್ಕೆ ಸರಿಸಿ.

ಎರಡನೆಯದು ಎಸ್‌ಕ್ಯೂಎಲ್‌ನ ನಿಯಮ, ದೋಷವಲ್ಲ. ಇಡೀ ಸಾಲಿನ ಮೇಲೆ ‘ಈಸ್ ನಾಟ್ ನಲ್’ ನಿಜವಾಗುವುದು ಅದರ ಎಲ್ಲ ಕಾಲಮ್‌ಗಳಲ್ಲೂ ಮೌಲ್ಯವಿದ್ದಾಗ ಮಾತ್ರ, ‘ಈಸ್ ನಲ್’ ನಿಜವಾಗುವುದು ಎಲ್ಲವೂ ನಲ್ ಆಗಿದ್ದಾಗ ಮಾತ್ರ. ಒಂದೆರಡು ಕಾಲಮ್ ಖಾಲಿಯಿರುವ ಸಾಮಾನ್ಯ ಸಾಲಿಗೆ ಎರಡೂ ಸುಳ್ಳೇ. ಪ್ರೈಮರಿ ಕೀ (ಸಾಲನ್ನು ಗುರುತಿಸುವ) ಕಾಲಮ್ ಎಂದೂ ನಲ್ ಆಗಿರುವುದಿಲ್ಲವಾದ್ದರಿಂದ ಅದೊಂದನ್ನೇ ಪರೀಕ್ಷಿಸಿ.

ಉತ್ತರ 3

ಆ ದೋಷಕ್ಕೆ ಪರಿಹಾರವಾಗಿ ಫಂಕ್ಷನ್ ಕರೆಯನ್ನು ಆವರಣದಲ್ಲಿಟ್ಟು ಮುಂದೆ ಚುಕ್ಕಿ ಮತ್ತು ನಕ್ಷತ್ರ ಚಿಹ್ನೆ ಹಾಕಿ ಎಂಬ ಸಲಹೆಯೂ ನಿಮ್ಮ ಕಣ್ಣಿಗೆ ಬೀಳಬಹುದು. ಅದು ಕೆಲಸ ಮಾಡುತ್ತದೆ, ಆದರೆ ಪೋಸ್ಟ್‌ಗ್ರೆಸ್ ಅದನ್ನು ಪ್ರತಿ ಕಾಲಮ್‌ಗೆ ಒಂದೊಂದು ಕರೆಯಾಗಿ ವಿಸ್ತರಿಸುತ್ತದೆ. ನಿಮ್ಮ 30 ಕಾಲಮ್‌ಗಳಿಗೆ ಫಂಕ್ಷನ್ 30 ಬಾರಿ ಓಡುತ್ತದೆ, ಮತ್ತು ಅದು ಲಾಗ್ ಟೇಬಲ್‌ಗೆ ಏನಾದರೂ ಬರೆಯುವಂಥದ್ದಾಗಿದ್ದರೆ 30 ಸಾಲುಗಳು ಬೀಳುತ್ತವೆ. ಒಂದು ಟೇಬಲ್‌ನ ಪ್ರತಿ ಸಾಲಿಗೂ ಫಂಕ್ಷನ್ ಓಡಿಸಬೇಕಿದ್ದರೆ 9.3ನೇ ಆವೃತ್ತಿಯಿಂದ ಇರುವ ‘ಲ್ಯಾಟರಲ್’ (ಫ್ರಮ್ ಭಾಗದಲ್ಲಿ ಮೊದಲು ಬಂದ ಟೇಬಲ್‌ನ ಸಾಲನ್ನು ಮುಂದಿನದಕ್ಕೆ ಬಳಸಲು ಬಿಡುವ ಪದ) ಬಳಸಿ ಫ್ರಮ್ ಭಾಗದಲ್ಲೇ ಕರೆಯಿರಿ. ಆಗ ಸಾಲಿಗೆ ಒಂದೇ ಕರೆ.