ಸಹಾಯ ಬೇಕು: ವೈರಸ್ ಹೋಯ್ತು, ಡೆಸ್ಕ್‌ಟಾಪ್ ಬರ್ತಿಲ್ಲ

ನಮಸ್ಕಾರ. ಮನೆಯ ಕಂಪ್ಯೂಟರ್, ವಿಂಡೋಸ್ 10. ಮಗ ಯಾವುದೋ ಗೇಮ್‌ನ ಕ್ರ್ಯಾಕ್ (ಲೈಸೆನ್ಸ್ ಇಲ್ಲದೆ ಆಡಲು ಬಿಡುವ ಕಳ್ಳ ಫೈಲ್) ಇಳಿಸಿಕೊಂಡ. ಮರುದಿನದಿಂದ ಲಾಗಿನ್ ಆದರೆ ಬರೀ ಕಪ್ಪು ಪರದೆ, ಮೌಸ್ ಬಾಣ ಮಾತ್ರ ಓಡಾಡುತ್ತದೆ.

ಸೇಫ್ ಮೋಡ್‌ನಲ್ಲಿ (ತೀರಾ ಬೇಕಾದ ಪ್ರೋಗ್ರಾಂಗಳಷ್ಟೇ ಓಡುವ ವಿಧಾನ) ಸ್ಕ್ಯಾನ್ ಮಾಡಿ ಸಿಕ್ಕಿದ್ದನ್ನೆಲ್ಲ ತೆಗೆದೆ. ಟಾಸ್ಕ್ ಮ್ಯಾನೇಜರ್‌ನಿಂದ ಎಕ್ಸ್‌ಪ್ಲೋರರ್ (ಡೆಸ್ಕ್‌ಟಾಪ್, ಟಾಸ್ಕ್‌ಬಾರ್ ತೋರಿಸುವ ಪ್ರೋಗ್ರಾಂ) ರನ್ ಮಾಡಿದರೆ ಟಾಸ್ಕ್‌ಬಾರ್ ಬರುತ್ತದೆ. ರೀಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಕಪ್ಪು. ವಿಂಡೋಸ್ ಸೆಟ್ಟಿಂಗ್‌ಗಳೆಲ್ಲ ಇರುವ ರಿಜಿಸ್ಟ್ರಿಯ ವಿನ್‌ಲಾಗಾನ್ ಭಾಗದಲ್ಲಿ 'ಶೆಲ್' (ಲಾಗಿನ್ ಆದಮೇಲೆ ಯಾವ ಪ್ರೋಗ್ರಾಂ ಶುರುವಾಗಬೇಕು ಅನ್ನೋದು) ಎದುರು ಎಕ್ಸ್‌ಪ್ಲೋರರ್ ಇರಬೇಕಾದ ಕಡೆ ಏನೋ ವಿಚಿತ್ರ ಹೆಸರಿದೆ. ಅದನ್ನು ತಿದ್ದಿದರೆ ಸಾಕಾ?

ಡೆಸ್ಕ್‌ಟಾಪ್‌ನಲ್ಲಿದ್ದ ಫೋಲ್ಡರ್‌ಗಳೂ ಕಾಣುತ್ತಿಲ್ಲ. ಆದರೆ ಡಿಸ್ಕ್‌ನಲ್ಲಿ ಖಾಲಿ ಜಾಗ ಜಾಸ್ತಿ ಆಗಿಲ್ಲ, ಅಂದರೆ ಸುಮ್ನೆ ಹಿಡನ್ ಆಗಿವೆ ಅಲ್ವಾ? ಹಿಡನ್ ಆದದ್ದನ್ನು ಮತ್ತೆ ಕಾಣಿಸುವ ಆಟ್ರಿಬ್ ಕಮಾಂಡ್ ಹೇಗೆ ಕೊಡುವುದು, ಯಾರಾದರೂ ಬಿಡಿಸಿ ಹೇಳಿ.

ಅಂಗಡಿಯವರು ಫಾರ್ಮ್ಯಾಟ್ ಮಾಡೋಣ ಅಂತಾರೆ. ಅಮ್ಮನ ಫೋಟೋಗಳೆಲ್ಲ ಅದರಲ್ಲೇ ಇವೆ. ಬ್ಯಾಕಪ್ ಇಲ್ಲ, ಬೈಯಬೇಡಿ.