ಬೆಕ್ಕಿನ ಬಾಯಿ ನಾತ: ಕಿಟ್ಟ ಕೆರೆದು ತೆಗೆದರೆ ಸಾಕಾ?

ಪ್ರಶ್ನೆ

ಏಳು ವರ್ಷದ ಹೆಣ್ಣು ಬೆಕ್ಕು. ಆಕಳಿಸಿದರೆ ಪಕ್ಕದಲ್ಲಿ ಕೂರೋಕಾಗಲ್ಲ, ಅಷ್ಟು ನಾತ. ಮೇಲಿನ ದವಡೆ ಹಲ್ಲಿನ ಮೇಲೆ ಕಂದು ಕಿಟ್ಟ ಕಟ್ಟಿದೆ, ಎಡಗಡೆ ಜಾಸ್ತಿ. ವಸಡಿನ ಅಂಚು ಕೆಂಪಗಿದೆ. ಒಣ ಆಹಾರ ಬಾಯಿಗೆ ತಗೊಂಡು ಅರ್ಧ ಕೆಳಗೆ ಬೀಳಿಸುತ್ತೆ, ಆದ್ರೆ ತಿನ್ನೋದು ಬಿಟ್ಟಿಲ್ಲ. ಆಂಟಿಬಯೋಟಿಕ್ ಕೊಟ್ಟಾಗ ನಾತ ಕಮ್ಮಿಯಾಗಿ ಮತ್ತೆ ಬಂತು. ಈಗ ಪೂರ್ತಿ ಅನಸ್ತೇಶಿಯಾ ಕೊಟ್ಟು ಕ್ಲೀನ್ ಮಾಡಬೇಕು ಅಂತ ಡಾಕ್ಟರು ಹೇಳ್ತಿದ್ದಾರೆ. ಸ್ಕೇಲರ್ ತಗೊಂಡು ಮನೇಲೇ ಕೆರೆದರೆ ಸಾಲದಾ? ಬಾಯಿಗೆ ಹೊಡೆಯೋ ಸ್ಪ್ರೇ ಏನಾದ್ರೂ?

ಉತ್ತರ 1

ಸಾಲದು. ಕಣ್ಣಿಗೆ ಕಾಣೋ ಕಿಟ್ಟ ಅಷ್ಟಾಗಿ ನಾರಲ್ಲ. ನಾರೋದು ವಸಡಿನ ಕೆಳಗೆ, ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿರೋ ಬ್ಯಾಕ್ಟೀರಿಯಾ. ಅವು ಗಂಧಕದ ಅನಿಲ ಬಿಡ್ತವೆ. ಮೇಲಿನದನ್ನು ಕೆರೆದರೆ ಹಲ್ಲು ಬೆಳ್ಳಗೆ ಕಾಣುತ್ತೆ, ಸಂದಿ ಹಾಗೇ ಇರುತ್ತೆ. ಜೊತೆಗೆ ಲೋಹದ ತುದಿ ಎನಾಮಲ್ ಮೇಲೆ ಗೀರು ಬೀಳಿಸುತ್ತೆ, ಆ ಗೀರಲ್ಲಿ ಪಾಚಿ (ಬ್ಯಾಕ್ಟೀರಿಯಾದ ಅಂಟು ಪದರ) ಇನ್ನೂ ಬೇಗ ಕೂರುತ್ತೆ. ಆಂಟಿಬಯೋಟಿಕ್ ಕಥೆಯೂ ಅಷ್ಟೇ: ಬ್ಯಾಕ್ಟೀರಿಯಾ ತಾತ್ಕಾಲಿಕವಾಗಿ ಕಮ್ಮಿಯಾಗುತ್ತವೆ, ಅವು ಮನೆ ಮಾಡಿರೋ ಜಾಗ ಹೋಗಲ್ಲ.

ಅನಸ್ತೇಶಿಯಾ ಯಾಕೆ ಅಂದ್ರೆ, ಎಚ್ಚರ ಇರೋ ಬೆಕ್ಕಿನ ವಸಡಿನ ಕೆಳಗೆ ಉಪಕರಣ ಹಾಕೋಕೆ ಯಾರಿಂದಲೂ ಆಗಲ್ಲ. ಶ್ವಾಸನಾಳಕ್ಕೆ ಟ್ಯೂಬ್ ಇಟ್ಟರೇನೇ ಸ್ಕೇಲರ್‌ನ ನೀರು, ಕೊಳೆ ಶ್ವಾಸಕೋಶಕ್ಕೆ ಇಳಿಯದೆ ಇರೋದು. ಮೊದಲು ರಕ್ತಪರೀಕ್ಷೆ (ಕಿಡ್ನಿ, ಲಿವರ್, ಸಕ್ಕರೆ). ಆಮೇಲೆ ವಸಡಿನ ಮೇಲೂ ಕೆಳಗೂ ಅಲ್ಟ್ರಾಸಾನಿಕ್ ಸ್ಕೇಲಿಂಗ್, ಪ್ರತಿ ಹಲ್ಲಿನ ಸುತ್ತ ಪ್ರೋಬ್ ಇಳಿಸಿ ಆಳ ಅಳೆಯೋದು, ಹಲ್ಲಿನ ಎಕ್ಸ್‌ರೇ, ಕೊನೆಗೆ ಪಾಲಿಶ್. ಬೆಕ್ಕಿಗೆ 1 ಮಿಲಿಮೀಟರ್ ದಾಟಿದ ಸಂದಿ ಅಂದ್ರೆ ರೋಗ ಇದೆ ಅಂತಲೇ.

ಬುಕ್ ಮಾಡೋ ಮುಂಚೆ ಒಂದೇ ಪ್ರಶ್ನೆ ಕೇಳಿ: «ಬಾಯೊಳಗಿನ ಎಕ್ಸ್‌ರೇ ತೆಗೀತೀರಾ?» ಇಲ್ಲ ಅಂದ್ರೆ ಬೇರೆ ಕಡೆ ನೋಡಿ. ನೀವು ಹೇಳಿದ ಲಕ್ಷಣ, ಅಂದ್ರೆ ಆಹಾರ ಬೀಳಿಸೋದು, ಒಂದೇ ಕಡೆ ಕಿಟ್ಟ ಜಾಸ್ತಿ ಇರೋದು, ಆ ಕಡೆ ನೋವಿದ್ದು ಇನ್ನೊಂದು ಕಡೆಯಲ್ಲೇ ಅಗಿಯುತ್ತಿರೋದನ್ನು ಸೂಚಿಸುತ್ತೆ. ಬೆಕ್ಕುಗಳಲ್ಲಿ ಹಲ್ಲು ತನ್ನಷ್ಟಕ್ಕೇ ಕರಗೋ ಕಾಯಿಲೆ (ರಿಸಾರ್ಪ್ಶನ್) ತುಂಬಾ ಸಾಮಾನ್ಯ. ಕೆಳದವಡೆಯಲ್ಲಿ ಕೋರೆಹಲ್ಲಿನ ಹಿಂದಿನ ಮೊದಲ ಹಲ್ಲಲ್ಲಿ ಹೆಚ್ಚು. ವಸಡು ಹಲ್ಲಿನ ಮೇಲೆ ಹತ್ತಿ ಬಂದಂಗೆ ಒಂದು ಗುಲಾಬಿ ಚುಕ್ಕೆ ಕಾಣುತ್ತೆ, ಅಲ್ಲಿ ಮುಟ್ಟಿದರೆ ದವಡೆ ಪಟಪಟ ಅಂತ ಅದುರುತ್ತೆ. ಅದನ್ನು ತುಂಬಿಸಿ ಉಳಿಸೋಕಾಗಲ್ಲ. ಹಲ್ಲು ಪೂರ್ತಿ ಕೀಳಬೇಕಾ, ಮೇಲ್ಭಾಗ ಮಾತ್ರ ತೆಗೆದರೆ ಸಾಕಾ ಅನ್ನೋದನ್ನು ತೀರ್ಮಾನಿಸೋದು ಎಕ್ಸ್‌ರೇಯಲ್ಲಿ ಕಾಣೋ ಬೇರು.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಆದ್ರೆ ಎಲ್ಲ ನಾತವೂ ಹಲ್ಲಿನದ್ದಲ್ಲ, ಆ ರಕ್ತಪರೀಕ್ಷೆ ತಪ್ಪಿಸಬೇಡಿ. ಮೂತ್ರದಂಥ ಅಮೋನಿಯಾ ವಾಸನೆ ಜೊತೆಗೆ ನೀರು ಜಾಸ್ತಿ ಕುಡಿಯೋದು, ತೂಕ ಇಳಿಯೋದು ಇದ್ದರೆ ಕಿಡ್ನಿ ಮೇಲೆ ಅನುಮಾನ. ನೇಲ್ ಪಾಲಿಶ್ ರಿಮೂವರ್ ಥರ ಸಿಹಿಸಿಹಿ ವಾಸನೆ, ವಾಂತಿ, ಮಂಕು ಇದ್ದರೆ ಸಕ್ಕರೆ ಕಾಯಿಲೆ ಕೈಮೀರಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ, ನಾಳೆ ಅನ್ನಬೇಡಿ. ವಯಸ್ಸಾದ ಬೆಕ್ಕಿಗೆ ರಕ್ತ ಬೆರೆತ ಜೊಲ್ಲು, ಒಂದು ಕಡೆ ಊತ ಇದ್ದರೆ ನಾಲಿಗೆಯ ಅಡಿಯೂ ನೋಡಿಸಿ, ಗೆಡ್ಡೆ ಅಲ್ಲೇ ಅಡಗಿರುತ್ತೆ. ನಾಲಿಗೆ ಬುಡಕ್ಕೆ ದಾರ ಸುತ್ತಿಕೊಂಡಿದ್ದು ಕಂಡರೆ ಎಳೆಯಬೇಡಿ. ಇನ್ನೊಂದು ತುದಿ ಕರುಳಲ್ಲಿದ್ದರೆ ಕರುಳೇ ಕೊಯ್ದು ಹೋಗುತ್ತೆ.

ಮರಿಗಳಿಗೆ ಸುಮಾರು ಮೂರರಿಂದ ಆರು ತಿಂಗಳಲ್ಲಿ ಹಾಲುಹಲ್ಲು ಉದುರೋವಾಗ ಸ್ವಲ್ಪ ವಾಸನೆ ಇರುತ್ತೆ, ತಾನಾಗೇ ಹೋಗುತ್ತೆ.

ಸ್ಪ್ರೇ ವಾಸನೆ ಮುಚ್ಚುತ್ತೆ ಅಷ್ಟೇ. ಲವಂಗದ ಎಣ್ಣೆ, ಟೀ ಟ್ರೀ ಎಣ್ಣೆ ಬಾಯಿ ಹತ್ತಿರವೂ ಬೇಡ, ಬೆಕ್ಕಿನ ಲಿವರ್ ಅವನ್ನು ಅರಗಿಸಲ್ಲ.

ಪ್ರಶ್ನೆ ಕೇಳಿದವರು

ಎಕ್ಸ್‌ರೇ ಇದೆಯಂತೆ, ಮಾಡಿಸ್ತೀನಿ. ಆಮೇಲೆ ಬ್ರಶ್ ಮಾಡಲೇಬೇಕಾ? ಬಾಯಿ ಮುಟ್ಟಿದರೆ ಕಚ್ಚುತ್ತೆ. ಹಲ್ಲು ಕಿತ್ತರೆ ಹೇಗೆ ತಿನ್ನುತ್ತೆ?

ಉತ್ತರ 3

ಈಗ ಕಚ್ಚೋದು ನೋವಿಗೆ. ಬಾಯಿ ಮಾಯೋವರೆಗೆ, ಸಾಮಾನ್ಯವಾಗಿ ಎರಡು ವಾರ, ಬ್ರಶ್ ಮುಟ್ಟಿಸಬೇಡಿ. ಇಲ್ಲಾಂದ್ರೆ ಬ್ರಶ್ ಅಂದ್ರೇನೇ ನೋವು ಅಂತ ಕಲಿಯುತ್ತೆ. ಆಮೇಲೆ ಮೊದಲು ಬೆಕ್ಕಿನ ಪೇಸ್ಟ್ ಬೆರಳಲ್ಲಿ ನೆಕ್ಕಿಸಿ. ಕೆಲವು ದಿನ ಬಿಟ್ಟು ತುಟಿ ಎತ್ತಿ ಬೆರಳು ಹಲ್ಲಿಗೆ ತಾಗಿಸಿ. ಅದಕ್ಕೆ ಒಗ್ಗಿದ ಮೇಲೆ ಚಿಕ್ಕ, ಮೃದುವಾದ ಬ್ರಶ್. ಬಾಯಿ ತೆರೆಸೋದು ಬೇಕಿಲ್ಲ, ಹೊರಮುಖ ಉಜ್ಜಿದರೆ ಸಾಕು, ಒಳಗಡೆಯನ್ನು ಒರಟು ನಾಲಿಗೆ ಸುಮಾರಾಗಿ ನೋಡಿಕೊಳ್ಳುತ್ತೆ. ಬ್ರಶ್ ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿರಲಿ. ಒಂದೊಂದು ಕಡೆ ಅರ್ಧ ನಿಮಿಷ, ಮೇಲಿನ ದವಡೆ ಹಲ್ಲಿಗೆ ಆದ್ಯತೆ. ದಿನಾ ಮಾಡಿ: ಪಾಚಿ ಕೆಲವೇ ದಿನದಲ್ಲಿ ಕಲ್ಲಾಗುತ್ತೆ, ಕಲ್ಲಾದ್ದು ಬ್ರಶ್‌ಗೆ ಬಗ್ಗಲ್ಲ. ಮನುಷ್ಯರ ಪೇಸ್ಟ್ ಬೇಡ, ಬೆಕ್ಕು ಉಗುಳಲ್ಲ, ಫ್ಲೋರೈಡ್ ನುಂಗಿಬಿಡುತ್ತೆ.

ಮಾಮೂಲಿ ಒಣ ಆಹಾರ ಹಲ್ಲು ಉಜ್ಜುತ್ತೆ ಅನ್ನೋದನ್ನು ನಂಬಬೇಡಿ, ಕಾಳು ಹಲ್ಲಿನ ತುದಿಗೆ ತಾಗಿದ ಕೂಡಲೇ ಪುಡಿಯಾಗುತ್ತೆ. ಹಲ್ಲಿಗಂತಲೇ ಮಾಡಿದ ಆಹಾರದಲ್ಲಿ ಕಾಳು ದೊಡ್ಡದು, ನಾರು ಜಾಸ್ತಿ, ಹಲ್ಲು ಒಳಗೆ ಇಳಿದು ಉಜ್ಜಿಸಿಕೊಳ್ಳುತ್ತೆ. ಕೊಳ್ಳೋವಾಗ ವಿಒಎಚ್‌ಸಿ ಮುದ್ರೆ (ಪಾಚಿ, ಕಿಟ್ಟ ತಡೆಯೋ ಉತ್ಪನ್ನಗಳಿಗೆ ಪ್ರಾಣಿಗಳ ದಂತ ಆರೋಗ್ಯ ಮಂಡಳಿ ಕೊಡೋ ಗುರುತು) ನೋಡಿ.

ಹಲ್ಲು ಕೀಳೋದಕ್ಕೆ ಹೆದರಬೇಡಿ. ಬಾಯೆಲ್ಲ ಹುಣ್ಣಾಗೋ ಸ್ಟೊಮಟೈಟಿಸ್‌ಗೆ ದವಡೆ ಹಲ್ಲುಗಳನ್ನೆಲ್ಲ ಕೀಳೋದೇ ಮುಖ್ಯ ಚಿಕಿತ್ಸೆ, ಹಲ್ಲಿಲ್ಲದ ಬೆಕ್ಕುಗಳೂ ಚೆನ್ನಾಗೇ ತಿನ್ನುತ್ತವೆ. ಹೊಲಿಗೆ ಮಾಯೋವರೆಗೆ ಮೆತ್ತಗಿನ ಆಹಾರ, ಸ್ವಲ್ಪ ಬೆಚ್ಚಗೆ ಮಾಡಿ ಕೊಡಿ. ನೋವಿಗೆ ಡಾಕ್ಟರು ಬರೆದ ಔಷಧ ಮಾತ್ರ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಮನೆಗೆ ಬಂದು 24 ಗಂಟೆ ಆದ್ರೂ ಏನೂ ತಿನ್ನದಿದ್ದರೆ ಫೋನ್ ಮಾಡಿ, ಉಪವಾಸ ಮುಂದುವರಿದರೆ ಲಿವರ್‌ಗೆ ಕೊಬ್ಬು ತುಂಬಿಕೊಳ್ಳುತ್ತೆ, ದಪ್ಪ ಬೆಕ್ಕಾದ್ರೆ ಇನ್ನೂ ಬೇಗ.