ಅಪ್ಪನ ಮೂರು ಪೆಟ್ಟಿಗೆ ಪ್ಲೇಟು: ಇಟ್ಟುಕೊಳ್ಳುವುದಾ, ಕೊಟ್ಟುಬಿಡುವುದಾ?

ಡೊಂಬಿವಲಿಯವ

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಅಪ್ಪ ತೀರಿಕೊಂಡು ವರ್ಷ ಆಯ್ತು. ಅವರ ಮಂಚದ ಕೆಳಗೆ ಮೂರು ಪೆಟ್ಟಿಗೆ ಗ್ರಾಮಾಫೋನ್ ಪ್ಲೇಟುಗಳಿವೆ. ಎಣಿಸಿದೆ, 163. ಅಪ್ಪ ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದು ಫೋರ್ಟಿನ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದವರು. ಹಗಲು ಹೋಟೆಲು, ಸಂಜೆಯಾದರೆ ಕನ್ನಡ ರಾತ್ರಿ ಶಾಲೆ. ಆಮೇಲೆ ಬ್ಯಾಂಕಿನಲ್ಲಿ ಗುಮಾಸ್ತರಾದರು. ಕೈಯಲ್ಲಿ ನಾಲ್ಕು ಕಾಸು ಉಳಿದಾಗೆಲ್ಲ ಪ್ಲೇಟು ತರುತ್ತಿದ್ದರು.

ನಮ್ಮದು 420 ಚದರ ಅಡಿಯ ಮನೆ. ಮಗ ಹತ್ತನೇ ಕ್ಲಾಸು, ಅವನಿಗೆ ಓದಲು ಒಂದು ಮೂಲೆ ಬೇಕು. ಪ್ಲೇಯರ್ ಕೆಟ್ಟು ಹದಿನೈದು ವರ್ಷವೇ ಆಗಿದೆ. ಚೋರ್ ಬಜಾರಿನಿಂದ ಒಬ್ಬರು ಬಂದು ನೋಡಿ, ಎಲ್ಲ ಸೇರಿ 6,000 ರೂಪಾಯಿ ಅಂದರು. ಈ ಹಾಡೆಲ್ಲ ಮೊಬೈಲಿನಲ್ಲಿ ಸಿಗುತ್ತವೆ ಅಲ್ವಾ? ಅಮ್ಮ ‘ನಿನಗೆ ಸರಿ ಕಂಡದ್ದು ಮಾಡು’ ಎನ್ನುತ್ತಾರೆ. ಆದರೆ ಆ ವ್ಯಾಪಾರಿ ಬಂದುಹೋದ ಮೇಲೆ ಆ ಮಂಚದ ಕೆಳಗೆ ಗುಡಿಸಲು ಬೇರೆ ಯಾರನ್ನೂ ಬಿಡುತ್ತಿಲ್ಲ.

ಲೆಕ್ಕದ ಮನುಷ್ಯ

ಕೊಟ್ಟುಬಿಡಿ. ಮನಸ್ಸಿಗೆ ಕಷ್ಟ ಆಗುತ್ತದೆ, ಗೊತ್ತು. ಆದರೂ ಹೇಳುತ್ತೇನೆ.

ನಾನು ಅಂಧೇರಿಯಲ್ಲಿ ಹದಿನೆಂಟು ವರ್ಷದಿಂದ ರೆಕಾರ್ಡಿಂಗ್ ಕೆಲಸದಲ್ಲಿದ್ದೇನೆ. ‘ಪ್ಲೇಟಿನ ಧ್ವನಿಯೇ ಬೇರೆ’ ಎಂಬ ಮಾತನ್ನು ದಿನಾ ಕೇಳುತ್ತೇನೆ. ಬೇರೆ ಅನ್ನುವುದು ಸರಿ. ಉತ್ತಮ ಅನ್ನುವುದು ಸರಿಯಲ್ಲ. ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವಿನ ಅಂತರ ಸಿಡಿಯಲ್ಲಿ ಸುಮಾರು 96 ಡೆಸಿಬೆಲ್ (ಸದ್ದು ಅಳೆಯುವ ಮಾನ). ಒಳ್ಳೆಯ ಎಲ್‌ಪಿಯಲ್ಲಿ, ಅಂದರೆ ಹೆಚ್ಚು ಹೊತ್ತು ಓಡುವ ದೊಡ್ಡ ಪ್ಲೇಟಿನಲ್ಲಿ, ಅದು 70ರ ಆಸುಪಾಸು. ಎಲ್‌ಪಿ ತಿರುಗುವುದು ಒಂದೇ ವೇಗದಲ್ಲಿ, ಆದರೆ ಮುಳ್ಳು ಒಳಗೆ ಬಂದ ಹಾಗೆ ಸುತ್ತು ಚಿಕ್ಕದಾಗುತ್ತದೆ. ಹೊರಗಿನ ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಓದುವ ಮುಳ್ಳಿಗೆ ಕೊನೆಯ ಹಾಡಿನಲ್ಲಿ ಸಿಗುವುದು ಅದರ ಅರ್ಧಕ್ಕಿಂತ ಕಡಿಮೆ. ಅದಕ್ಕೇ ಕೊನೆಯ ಹಾಡಿನಲ್ಲಿ ‘ಸ’ ಮತ್ತು ‘ಶ’ ಒಡೆದ ಹಾಗೆ ಕೇಳುತ್ತವೆ. ಇದು ಪ್ಲೇಟಿನ ಹುಟ್ಟುಗುಣ. ದುಬಾರಿ ಪ್ಲೇಯರ್ ತಂದರೂ ಪೂರ್ತಿ ಹೋಗುವುದಿಲ್ಲ.

ಇನ್ನು ಖರ್ಚು. ಓಡಿಸಲು ಲಾಯಕ್ಕಾದ ಪ್ಲೇಯರ್, ಮುಳ್ಳಿನಿಂದ ಬರುವ ಸಣ್ಣ ಸಂಕೇತವನ್ನು ಹೆಚ್ಚಿಸುವ ಫೋನೋ ಪ್ರೀಆಂಪ್, ಆಂಪ್ಲಿಫೈಯರ್, ಸ್ಪೀಕರ್ ಎಲ್ಲ ಸೇರಿ 40 ಸಾವಿರ ದಾಟುತ್ತದೆ. ಮಗನ ಮೇಜು ಮೊದಲು.

ಠಾಣೆ ಕೇಳುಗಿ

ನನಗೆ 26. ನಾನು ಹುಟ್ಟುವ ಹೊತ್ತಿಗೆ ಮನೆಯಲ್ಲಿ ಪ್ಲೇಟು, ಪ್ಲೇಯರ್ ಏನೂ ಇರಲಿಲ್ಲ. ಹಾಗಾಗಿ ನನ್ನದು ಹಳೇ ನೆನಪಿನ ಪ್ರೀತಿ ಅಲ್ಲ.

ಮೊಬೈಲಿನಲ್ಲಿ ನಾನು ಯಾವ ಹಾಡನ್ನೂ ಪೂರ್ತಿ ಕೇಳುತ್ತಿರಲಿಲ್ಲ. ಪಲ್ಲವಿ ಮುಗಿಯುವಷ್ಟರಲ್ಲಿ ಬೆರಳು ಮುಂದಿನದಕ್ಕೆ ಹೋಗುತ್ತಿತ್ತು. ಎರಡು ವರ್ಷದ ಹಿಂದೆ ಮೊದಲ ಎಲ್‌ಪಿ ತಂದೆ. ಒಂದು ಬದಿ 20-22 ನಿಮಿಷ. ಮಧ್ಯೆ ಹಾರಿಸಬೇಕೆಂದರೆ ಎದ್ದು ಹೋಗಿ ಮುಳ್ಳೆತ್ತಬೇಕು. ಹಾಗಾಗಿ ಕೂತು ಕೇಳಿದೆ. ಮೂರನೇ ಹಾಡು ನನಗೆ ಇಷ್ಟವಿರಲಿಲ್ಲ. ನಾಲ್ಕಾರು ಸಲ ಕೇಳಿದ ಮೇಲೆ ಅದೇ ನನ್ನ ಹಾಡಾಯಿತು. ಇದು ಯಾವ ಡೆಸಿಬೆಲ್‌ನಲ್ಲಿ ಬರುತ್ತದೆ ಸರ್?

ಕಷ್ಟ ಇಲ್ಲ ಅಂತ ಹೇಳುತ್ತಿಲ್ಲ. ಹೊಸ ಎಲ್‌ಪಿಗೆ ಎರಡರಿಂದ ನಾಲ್ಕು ಸಾವಿರ. ಒಂದು ಸಲ ಆನ್‌ಲೈನ್‌ನಲ್ಲಿ ತರಿಸಿದ್ದು ಹಪ್ಪಳದ ಹಾಗೆ ಸೊಟ್ಟಗಾಗಿ ಬಂತು. ದುಡ್ಡು ವಾಪಸ್ ಬರಲೇ ಇಲ್ಲ. ಮೊದಲು ಕೊಂಡಿದ್ದ ಸೂಟ್‌ಕೇಸ್ ಥರದ ಅಗ್ಗದ ಪ್ಲೇಯರಿನಲ್ಲಿ ಮುಳ್ಳಿನ ಭಾರ 5 ಗ್ರಾಮಿನ ಮೇಲಿತ್ತು. ಒಳ್ಳೆಯದರಲ್ಲಿ ಎರಡು ಗ್ರಾಮಿನ ಹತ್ತಿರ ಇರಬೇಕು. ಇದು ತಿಳಿಯುವ ಮುಂಚೆ ನಾಲ್ಕು ಪ್ಲೇಟು ಸವೆಸಿಬಿಟ್ಟೆ. ಯಾರೂ ಅಂಥದ್ದನ್ನು ಕೊಳ್ಳಬೇಡಿ.

ಅಂದಹಾಗೆ, 2022ರಲ್ಲಿ ಅಮೆರಿಕದಲ್ಲಿ ಸುಮಾರು 4.1 ಕೋಟಿ ಪ್ಲೇಟು ಮಾರಾಟವಾದವು, ಸಿಡಿ 3.3 ಕೋಟಿ. ಪ್ಲೇಟು ಸಿಡಿಯನ್ನು ದಾಟಿದ್ದು 1987ರ ನಂತರ ಅದೇ ಮೊದಲು. ಇಷ್ಟು ಜನ ಸುಮ್ನೆ ಕೊಳ್ಳುತ್ತಾರಾ?

ಲೆಕ್ಕದ ಮನುಷ್ಯ

ತಂಗೀ, ಜಾಸ್ತಿ ಮಾರಾಟ ಆಯಿತು ಅಂದರೆ ಧ್ವನಿ ಚೆನ್ನಾಗಿದೆ ಅಂತ ಆಗುವುದಿಲ್ಲ. ನೀವು ಕೊಳ್ಳುವ ಹೊಸ ಎಲ್‌ಪಿಗಳಲ್ಲಿ ಬಹುಪಾಲು ಡಿಜಿಟಲ್ ಫೈಲಿನಿಂದಲೇ ತಯಾರಾದವು. ‘ಪೂರ್ತಿ ಅನಲಾಗ್’, ಅಂದರೆ ಎಲ್ಲೂ ಡಿಜಿಟಲ್ ಸೋಕದ್ದು, ಅಂತ ನಂಬಿ ಜನ ದುಬಾರಿಗೆ ಕೊಂಡ ಮೊಬೈಲ್ ಫಿಡೆಲಿಟಿ ಎಂಬ ಅಮೆರಿಕದ ಕಂಪನಿಯ ಪ್ಲೇಟುಗಳಲ್ಲೂ ನಡುವೆ ಡಿಜಿಟಲ್ ಹಂತ ಇತ್ತು. ಅದು 2022ರಲ್ಲಿ ಹೊರಗೆ ಬಂತು. ಅಲ್ಲಿಯವರೆಗೆ ಯಾವ ಕಿವಿಗೂ ಅದು ಗೊತ್ತಾಗಿರಲಿಲ್ಲ.

ಆದರೆ ಒಂದು ಮಾತು ಒಪ್ಪುತ್ತೇನೆ. ತೊಂಬತ್ತರ ದಶಕದಿಂದ ಈಚೆಗೆ ಎಷ್ಟೋ ಸಿಡಿಗಳನ್ನು ಬೇಕೆಂದೇ ಜೋರು ಮಾಡಿ ತಂದರು. ಮೆಲ್ಲಗಿನದೂ ಜೋರು, ಜೋರಿನದೂ ಜೋರು. ಅದೇ ಹಾಡಿನ ಹಳೆಯ ಎಲ್‌ಪಿಯಲ್ಲಿ ಉಸಿರಾಡಲು ಜಾಗ ಇರುತ್ತದೆ. ಅದಕ್ಕೆ ಕಾರಣ ನಮ್ಮ ಕಸುಬಿನವರು. ಸಿಡಿಯದೇನೂ ತಪ್ಪಿಲ್ಲ. ಕೂತು ಕೇಳುವ ವಿಷಯವೂ ನಿಜ. ಅದು ಅಭ್ಯಾಸ, ಫೋನ್ ಪಕ್ಕಕ್ಕಿಟ್ಟರೆ ಸಿಡಿಯಲ್ಲೂ ಬರುತ್ತದೆ.

ಮಾಟುಂಗಾ 1956

ಡೊಂಬಿವಲಿಯವರೇ, ಮಾರಾಯ್ರೆ, ಮೊದಲು ಆ 6,000ಕ್ಕೆ ಕೈ ಚಾಚಬೇಡಿ. ಪೆಟ್ಟಿಗೆಯಲ್ಲಿ ಏನೇನಿದೆ ನೋಡಿದ್ದೀರಾ? 163 ಪ್ಲೇಟು ಅಂದಿರಿ. ಎಲ್ಲವೂ ಒಂದೇ ಜಾತಿ ಅಲ್ಲ.

ದೊಡ್ಡದು, ಹಗುರ, ಸ್ವಲ್ಪ ಬಾಗುವಂಥದ್ದು ಎಲ್‌ಪಿ. ಚಿಕ್ಕದು, ಒಂದು ಬದಿಗೆ ಎರಡು ಹಾಡಿನದು ಇಪಿ. ಇವು ವಿನೈಲ್, ಒಂದು ಬಗೆಯ ಪ್ಲಾಸ್ಟಿಕ್. ಇನ್ನೊಂದು ಹತ್ತು ಇಂಚಿನದು, ಗಾತ್ರಕ್ಕೆ ಮೀರಿದ ಭಾರ, ಉಗುರಿನಿಂದ ತಟ್ಟಿದರೆ ಹೆಂಚಿನ ಹಾಗೆ ಸದ್ದು. ಅದು ನಿಮಿಷಕ್ಕೆ 78 ಸುತ್ತಿನದು. ಅದು ವಿನೈಲ್ ಅಲ್ಲ, ಅರಗಿನದು. ಮಹಾಭಾರತದ ಅರಗಿನ ಮನೆಯ ಅರಗೇ. ಕೈಜಾರಿದರೆ ಒಡೆಯುತ್ತದೆ. ಎಲ್‌ಪಿ ಬಂದದ್ದು 1948ರಲ್ಲಿ, ಅಮೆರಿಕದಲ್ಲಿ. ಆದರೆ ನಮ್ಮ ದೇಶದಲ್ಲಿ ಅರುವತ್ತರ ದಶಕದಲ್ಲೂ 78ರ ಪ್ಲೇಟು ಬರುತ್ತಿತ್ತು. ನಿಮ್ಮ ಅಪ್ಪ ಕೊಂಡ ಕಾಲ ಅದೇ ಇರಬಹುದು.

ಕಾಲಾ ಘೋಡಾದಲ್ಲಿ ರಿದಮ್ ಹೌಸ್ ಇತ್ತು. ಕೊಳ್ಳುವ ಮೊದಲು ಕೇಳಿ ನೋಡಲು ಅಲ್ಲಿ ಪುಟ್ಟ ಗೂಡುಗಳಿದ್ದವು. ಫೋರ್ಟಿನ ಹೋಟೆಲ್ ಹುಡುಗರು ರಜೆಯ ದಿನ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋಗಿ ಕೇಳಿ ಬರುತ್ತಿದ್ದೆವು. ಹೌದು, ನಾನೂ ಅದೇ ರಾತ್ರಿ ಶಾಲೆಯ ದಾರಿಯಲ್ಲಿ ಬಂದವನು. 2016ರಲ್ಲಿ ಆ ಅಂಗಡಿ ಮುಚ್ಚಿದಾಗ ಹೋಗಿ ಹೊರಗೆ ಸ್ವಲ್ಪ ಹೊತ್ತು ನಿಂತು ಬಂದೆ.

ಪುಣೆ ಪೇಠ

ಮಾಟುಂಗಾ ಸರ್ ಹೇಳಿದ್ದಕ್ಕೆ ನನ್ನದೂ ಸೇರಿಸ್ರಿ. ನಾನು ಧಾರವಾಡದವ, ಪುಣೆಯಲ್ಲಿ ಮೂವತ್ತು ವರ್ಷ. ಇಲ್ಲಿಯ ಮಂದಿ ಇದನ್ನು ತಬಕಡಿ ಅಂತಾರೆ. ಬುಧವಾರ, ಭಾನುವಾರ ಜೂನಾ ಬಜಾರಿನಲ್ಲಿ ಹಳೇ ಕಬ್ಬಿಣದ ನಡುವೆ ಕೂತು ತಬಕಡಿ ಹುಡುಕುವುದು ನನ್ನ ಕೆಲಸ.

‘ಎಲ್ಲ ಮೊಬೈಲಿನಲ್ಲಿದೆ’ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಗಂಗೂಬಾಯಿ ಹಾನಗಲ್ ಅಂದರೆ ನಮಗೆಲ್ಲ ಗೊತ್ತಿರುವುದು ಆ ಗಂಡುದನಿಯಂಥ ಗಟ್ಟಿ ಕಂಠ. ಗಂಟಲಿನ ಟಾನ್ಸಿಲ್ ಚಿಕಿತ್ಸೆಯ ನಂತರ ಆದ ಕಂಠ ಅದು. ಅದಕ್ಕೂ ಮೊದಲು, 1930ರ ದಶಕದಲ್ಲಿ, ಗಾಂಧಾರಿ ಹಾನಗಲ್ ಎಂಬ ಹೆಸರಿನಲ್ಲಿ ಅವರು ಎಚ್‌ಎಂವಿ ಪ್ಲೇಟು ಕಂಪನಿಗೆ ಹಾಡಿದ್ದರು. ಅವು 78ರ ಪ್ಲೇಟುಗಳು. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ. ಅಲ್ಲಿರುವುದು ತೆಳ್ಳಗಿನ, ಮೇಲಕ್ಕೆ ಹಾರುವ ಹುಡುಗಿಯ ದನಿ. ಮೊದಲ ಸಲ ಕೇಳಿದಾಗ ಲೇಬಲ್ ತಪ್ಪು ಅಂಟಿಸಿದ್ದಾರೆ ಅಂದುಕೊಂಡು ಮತ್ತೆ ಮುಳ್ಳಿಟ್ಟೆ. ಆ ದನಿ ಉಳಿದದ್ದು ಅರಗಿನ ಮೇಲೆ ಮಾತ್ರ ರೀ. ಯಾರೋ ಒಬ್ಬರ ಮನೆಯಲ್ಲಿ ಮಂಚದ ಕೆಳಗೆ ಪ್ಲೇಟು ಉಳಿದಿದ್ದಕ್ಕೆ ಇವತ್ತು ನಮಗೆ ಕೇಳಲು ಸಿಗುತ್ತದೆ.

ಗದಗದ ಹುಡುಗ ಭೀಮಸೇನ ಜೋಶಿ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಹೋದದ್ದು ಯಾಕೆ? ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಒಂದು ಪ್ಲೇಟು ಕೇಳಿದ್ದಕ್ಕೆ. ಅಂಥ ಮೂರು ನಿಮಿಷ ಅದು.

ಲೆಕ್ಕದ ಮನುಷ್ಯ

ಭೀಮಸೇನರನ್ನು ಎಬ್ಬಿಸಿದ್ದು ಖಾನ್ ಸಾಹೇಬರ ಗಾಯನ. ಅದು ಅರಗಿನ ಮೇಲೆ ಬಂತೋ ಗಾಳಿಯ ಮೇಲೆ ಬಂತೋ, ಏನು ವ್ಯತ್ಯಾಸ? ಇವತ್ತಿನ ಹುಡುಗ ಅದೇ ಹಾಡನ್ನು ಫೋನಿನಲ್ಲಿ ಕೇಳಿಯೂ ಮನೆ ಬಿಡಬಹುದು.

ಗಂಗೂಬಾಯಿಯವರ ಮಾತು ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ಬೇರೆಲ್ಲೂ ಇಲ್ಲದ ರೆಕಾರ್ಡಿಂಗ್ ಆದರೆ ಪ್ಲೇಟು ಚೆನ್ನಾಗಿದೆಯೋ ಸಿಡಿ ಚೆನ್ನಾಗಿದೆಯೋ ಎಂಬ ಪ್ರಶ್ನೆಯೇ ಬರುವುದಿಲ್ಲ. ಅದೇ ಮೂಲ ಪ್ರತಿ. ಅಂಥದ್ದು ಒಂದಿದ್ದರೂ 6,000ಕ್ಕೆ ಕೊಡಬಾರದು. ನನ್ನ ಮೊದಲ ಸಲಹೆಯನ್ನು ಅಷ್ಟರ ಮಟ್ಟಿಗೆ ವಾಪಸ್ ತಗೊಳ್ಳುತ್ತೇನೆ. ಉಳಿದವು ಹಿಂದಿ ಸಿನಿಮಾ ಎಲ್‌ಪಿಗಳಾಗಿದ್ದರೆ ಅವಕ್ಕೆ ಮಾತ್ರ ನನ್ನ ಮಾತು ಹಾಗೇ ಇದೆ.

ಮಡಗಾಂವ್ ಟೀಚರ್

ಇಟ್ಟುಕೊಳ್ಳಿ ಎನ್ನುವುದು ಸುಲಭ. ಹೇಗೆ ಇಟ್ಟುಕೊಳ್ಳುವುದು ಅಂತಲೂ ಹೇಳಬೇಕು. ನಾನು ಗೋವಾದಲ್ಲಿ ಕಲಿತ ಪಾಠ ಹೇಳುತ್ತೇನೆ.

ಇಲ್ಲಿ ಜೂನ್ ಬಂತೆಂದರೆ ಚಪ್ಪಲಿಯ ಮೇಲೂ ಬೂಷ್ಟು. ನನ್ನ ಮಾವನವರ ಪ್ಲೇಟುಗಳ ಮೇಲೆ ಬಿಳಿ ಚುಕ್ಕೆ ಎದ್ದಿತ್ತು. ಒಂದು ವಿಡಿಯೋದಲ್ಲಿ ಸ್ಪಿರಿಟ್‌ನಿಂದ ಒರೆಸಿ ಅಂದರು. ಹತ್ತಿಗೆ ಸ್ಪಿರಿಟ್ ಹಾಕಿ ಒಂದು 78ರ ಪ್ಲೇಟು ಒರೆಸಿದೆ. ಹತ್ತಿ ಕಪ್ಪಾಯಿತು. ಕೊಳೆ ಹೋಗುತ್ತಿದೆ ಅಂತ ಖುಷಿಯಿಂದ ಇನ್ನೊಂದು ಸುತ್ತು ಒರೆಸಿದೆ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದರೆ ಹೊಳಪೇ ಇಲ್ಲ, ಹಲಗೆಯ ಹಾಗೆ ಮಂಕು. ಬೆರಳಿಗೆ ಅಂಟಂಟು. ಹತ್ತಿಗೆ ಬಂದದ್ದು ಕೊಳೆಯಲ್ಲ, ಹಾಡೇ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ ಎಂದು ಆಮೇಲೆ ತಿಳಿಯಿತು. ಮುಳ್ಳಿಟ್ಟರೆ ಬರೀ ಸುರಿಯುವ ಮಳೆಯ ಸದ್ದು. ಮಾವನವರು ಏನೂ ಅನ್ನಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅದಕ್ಕೆ ಹೇಳುತ್ತಿದ್ದೇನೆ. 78ಕ್ಕೆ ಸ್ಪಿರಿಟ್ ಮುಟ್ಟಿಸಲೇಬೇಡಿ. ಡಿಸ್ಟಿಲ್ಡ್ ವಾಟರ್, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ತೊಟ್ಟು, ಮೆತ್ತಗಿನ ಬಟ್ಟೆ. ಗೆರೆ ಹೋದ ಕಡೆಗೇ ಒರೆಸಿ, ಲೇಬಲ್‌ಗೆ ನೀರು ತಾಗಬಾರದು. ಬೇಗ ಒಣಗಿಸಿ, ಆದರೆ ಬಿಸಿಲಿಗೆ ಇಡಬೇಡಿ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಮಂಚದ ಕೆಳಗೆ ಮಲಗಿಸಿ ಇಟ್ಟಿದ್ದರೆ ಇವತ್ತೇ ಎತ್ತಿ ನಿಲ್ಲಿಸಿ.

ಮಾಟುಂಗಾ 1956

ಟೀಚರಮ್ಮ ಹೇಳಿದ್ದು ಲಾಖ್ ರೂಪಾಯಿಯ ಮಾತು. ಇನ್ನೊಂದು ಸೇರಿಸುತ್ತೇನೆ. ಎಲ್‌ಪಿಯ ಮುಳ್ಳನ್ನು 78ಕ್ಕೆ ಇಡಬೇಡಿ. 78ರ ಗೆರೆ ಅಗಲ, ಸಣ್ಣ ಮುಳ್ಳು ತಳದ ಕಸದಲ್ಲಿ ಓಡಾಡುತ್ತದೆ. ಹಾಗೆಯೇ ಕೀ ಕೊಡುವ ಹಳೇ ಗ್ರಾಮಾಫೋನಿನ ಉಕ್ಕಿನ ಮುಳ್ಳನ್ನು ಎಲ್‌ಪಿಗೆ ಇಟ್ಟರೆ ಒಂದೇ ಸಲಕ್ಕೆ ಉಳುಮೆ ಆಗಿಬಿಡುತ್ತದೆ. ನನ್ನ ಮನೆಯಲ್ಲಿ ಎರಡಕ್ಕೂ ವ್ಯವಸ್ಥೆ ಇದೆ. ಡೊಂಬಿವಲಿಯಿಂದ ದಾದರ್, ಅಲ್ಲಿಂದ ಮಾಟುಂಗಾ, ಎಷ್ಟು ದೂರ? ಭಾನುವಾರ ಹತ್ತು-ಹನ್ನೆರಡು ಪ್ಲೇಟು ತನ್ನಿ. ಅಮ್ಮನನ್ನೂ ಕರೆದುಕೊಂಡು ಬನ್ನಿ.

ಪುಣೆ ಪೇಠ

ಹೋಗಿ ಬರ್ರಿ. ನಿಮಗೆ ಪ್ಲೇಟು ಇಟ್ಟುಕೊಳ್ಳಲು ಜಾಗ ಇಲ್ಲದಿದ್ದರೂ ಅಪರೂಪದ್ದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಮುಂಬೈಯಲ್ಲಿ 1990ರಲ್ಲಿ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಅಂತ ಶುರುವಾಯಿತು, 78ರ ಪ್ಲೇಟುಗಳ ಬಗ್ಗೆ ಅವರು ಮಾಡಿದ ಪಟ್ಟಿ, ಬರಹ ಬಹಳ ಉಪಯೋಗ. ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನವರು ಹಳೇ 78ಗಳನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಕೇಳಲು ಇಟ್ಟಿದ್ದಾರೆ. 1902ರಲ್ಲಿ ಕಲ್ಕತ್ತೆಯಲ್ಲಿ ಪ್ಲೇಟಿಗೆ ಹಾಡಿ ಕೊನೆಗೆ ನಮ್ಮ ಮೈಸೂರಿನಲ್ಲೇ ತೀರಿಕೊಂಡ ಗಾಯಕಿ ಗೌಹರ್ ಜಾನ್ ಅವರ ದನಿಯನ್ನು ನಾವು ಕೇಳುತ್ತಿರುವುದೂ ಹೀಗೆ ಉಳಿದ ಪ್ಲೇಟುಗಳಿಂದಲೇ.

ಡೊಂಬಿವಲಿಯವ

ಭಾನುವಾರ ಹೋಗಿ ಬಂದೆವು. ಅಮ್ಮನೂ ಬಂದಿದ್ದರು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಪೆಟ್ಟಿಗೆ ಪೂರ್ತಿ ಬಿಚ್ಚಿ ವಿಂಗಡಿಸಿದೆ. ಎಲ್‌ಪಿ ಮತ್ತು ಇಪಿ ಸೇರಿ 122, ಅದರಲ್ಲಿ 90ರಷ್ಟು ಹಿಂದಿ ಸಿನಿಮಾದವು. ಅಮ್ಮನಿಗೆ ಬೇಕಾದ ಹನ್ನೊಂದು ತೆಗೆದಿಟ್ಟು ಉಳಿದದ್ದು ಠಾಣೆಯ ತಂಗಿ ಬಂದು ನೋಡಲಿ, ಇಷ್ಟವಾದದ್ದನ್ನು ತಗೊಳ್ಳಲಿ. 41 ಅರಗಿನವು. ಅದರಲ್ಲಿ ಎರಡು ಒಡೆದಿವೆ. ಒಂದೊಂದರ ಕಾಗದದ ಚೀಲದ ಮೇಲೂ ಅಪ್ಪ ಪೆನ್ಸಿಲಿನಲ್ಲಿ ತಾರೀಖು ಬರೆದಿದ್ದಾರೆ. ಕೆಲವದರಲ್ಲಿ ‘ಸಂಬಳ’ ಎಂದಿದೆ. ಕೆಲವದರಲ್ಲಿ ‘ಟಿಪ್ಸ್’ ಎಂದಿದೆ.

ಮಾಟುಂಗಾದಲ್ಲಿ ಮೊದಲು ಹಾಕಿದ್ದು ಒಂದು ಕಂಪನಿ ನಾಟಕದ ಪ್ಲೇಟು. ಕರಕರ ಸದ್ದಿನ ಹಿಂದಿನಿಂದ ಹಾರ್ಮೋನಿಯಂ ಬಂತು, ಆಮೇಲೆ ಒಬ್ಬ ಗಂಡಸಿನ ಏರುದನಿಯ ಮಾತು. ಅವನು ಮುಂದಿನ ಮಾತು ಆಡುವ ಮೊದಲೇ ಅಮ್ಮ ಆ ಮಾತನ್ನು ಹೇಳಿಬಿಟ್ಟರು. ಮದುವೆಯಾದ ಹೊಸದರಲ್ಲಿ ಚಾಳಿನಲ್ಲಿ, ಅಂದರೆ ನಮ್ಮ ವಠಾರದಲ್ಲಿ, ಎಲ್ಲರೂ ಬಾಗಿಲ ಹತ್ತಿರ ಕೂತು ಕೇಳುತ್ತಿದ್ದರಂತೆ. ನಾನು ಈ ಮಾತನ್ನು ಮೊದಲ ಸಲ ಕೇಳಿದ್ದು.

ಮೊಬೈಲಿನಲ್ಲಿ ಆ ನಾಟಕ ಹುಡುಕಿದೆ. ನನಗೆ ಎಲ್ಲೂ ಸಿಗಲಿಲ್ಲ. ಮಗನ ಮೇಜು ಬಂದಿದೆ, ಅದರ ಕೆಳಗಿನ ಖಾನೆಯಲ್ಲಿ 39 ಪ್ಲೇಟುಗಳನ್ನು ನೆಟ್ಟಗೆ ನಿಲ್ಲಿಸಿದ್ದೇನೆ. ಲೆಕ್ಕದ ಮನುಷ್ಯ ಸರ್, ಇವನ್ನು ಕಂಪ್ಯೂಟರಿಗೆ ಇಳಿಸಲು ನಿಮ್ಮ ಸಹಾಯ ಬೇಕು.

ಇನ್ನೊಂದು ವಿಷಯ. ಆ ನಾಟಕ ನಾಲ್ಕು ಪ್ಲೇಟಿನ ಸೆಟ್. ನಮ್ಮಲ್ಲಿ ಭಾಗ 1-2, 3-4, 7-8 ಇವೆ. 5-6 ಇಲ್ಲ. ಚಾಳಿನಲ್ಲಿ ಯಾರಿಗೋ ಕೊಟ್ಟದ್ದು ವಾಪಸ್ ಬರಲಿಲ್ಲ ಎನ್ನುತ್ತಾರೆ ಅಮ್ಮ. ಯಾರ ಹತ್ತಿರವಾದರೂ ಇದೆಯಾ?

ಲೆಕ್ಕದ ಮನುಷ್ಯ

ಶನಿವಾರ ಮಧ್ಯಾಹ್ನ ಸ್ಟುಡಿಯೋ ಖಾಲಿ ಇದೆ. ಮಾಟುಂಗಾ ಸರ್ ಒಪ್ಪಿದರೆ ಅವರ ಪ್ಲೇಯರನ್ನೂ ತರೋಣ. ದುಡ್ಡಿನ ಮಾತು ಬೇಡ. ಕರಕರ ಸದ್ದನ್ನು ಪೂರ್ತಿ ಅಳಿಸುವುದಿಲ್ಲ, ಅದರ ಜೊತೆ ದನಿಯೂ ಸ್ವಲ್ಪ ಹೋಗುತ್ತದೆ. ಹಾಗೇ ಇಳಿಸಿದ ಒಂದು ಪ್ರತಿ ಬೇರೆ ಇಟ್ಟುಕೊಳ್ಳೋಣ.

ಪುಣೆ ಪೇಠ

ನಾಳೆ ಬುಧವಾರ, ಜೂನಾ ಬಜಾರಿಗೆ ಹೋಗುವವನಿದ್ದೇನೆ. ಲೇಬಲಿನ ಬಣ್ಣ ಮತ್ತು ನಂಬರ್ ಹೇಳ್ರಿ.

ಡೊಂಬಿವಲಿಯವ

ನೇರಳೆ ಹಣ್ಣಿನ ಬಣ್ಣ, ನಾಯಿಯ ಚಿತ್ರ ಇದೆ. ನಂಬರ್ ಮಸುಕಾಗಿದೆ. ಮಗ ಟಾರ್ಚ್ ಹಿಡಿದು ಓದುತ್ತಿದ್ದಾನೆ, ಐದು ನಿಮಿಷ ಇರಿ.